ಸಂಡೇ ಸ್ಕೂಲಿಗೆ ನಾನು ಹಾಕಿದ ಲೀಡರ್‌ಬೋರ್ಡ್

ನಾನು ಧಾರವಾಡದವನು, ಎಂ.ಟೆಕ್ ಮುಗಿಸಿ ಸಾಫ್ಟ್‌ವೇರ್ ಸೇರಿದವನು, ಈಗ ಪುಣೆಯಲ್ಲಿದ್ದೇನೆ. ಇಲ್ಲಿ ನಾವು ಸಾಮಾನ್ಯವಾಗಿ ಕರಿಯರ್, ಕ್ಲೌಡ್, ಮನೆ ಸಾಲ ಇಂಥದ್ದನ್ನೇ ಮಾತಾಡ್ತೀವಿ. ಇವತ್ತು ಬೇರೆ ವಿಷಯ. ಅಮೆರಿಕದ ಒಂದು ಚರ್ಚಿನಲ್ಲಿ ಎರಡು ವರ್ಷ ಮಕ್ಕಳ ಧಾರ್ಮಿಕ ಶಿಕ್ಷಣದ ಹೊಣೆ ನನ್ನ ಮೇಲಿತ್ತು. ಅದರ ಕಥೆ ಹೇಳ್ತೀನಿ.

ನಿಮ್ಮಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ, ಗೊತ್ತು. ಆದರೆ ಸೊಸೈಟಿಯಲ್ಲಿ ಕನ್ನಡ ಕ್ಲಾಸ್ ನಡೆಸೋರು, ಬಾಲವಿಹಾರ ನಡೆಸೋರು, ರಾಜ್ಯೋತ್ಸವದ ನಾಟಕಕ್ಕೆ ಮಕ್ಕಳನ್ನ ತಯಾರು ಮಾಡೋರು ಇದ್ದೀರಿ. ನಾನು ಮಾಡಿದ ತಪ್ಪು ನಿಮ್ಮ ಉಪಯೋಗಕ್ಕೂ ಬರಬಹುದು.

ನಮ್ಮದು ಸಿಎಸ್‌ಐ ಸಭೆ, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ. ಸ್ವಾತಂತ್ರ್ಯ ಬಂದ ಆರು ವಾರಕ್ಕೆ, 1947ರ ಸೆಪ್ಟೆಂಬರ್ 27ರಂದು, ಆಂಗ್ಲಿಕನ್, ಮೆಥಡಿಸ್ಟ್ ಮುಂತಾದ ಸಭೆಗಳು ಒಂದಾಗಿ ಇದು ಹುಟ್ಟಿತು. ಅಮೆರಿಕದಲ್ಲಿ ಆಂಗ್ಲಿಕನ್ ಪರಂಪರೆಯ ಸಭೆಗೆ ಎಪಿಸ್ಕೋಪಲ್ ಚರ್ಚ್ ಅಂತಾರೆ. ಬಿಷಪ್‌ಗಳ ಮೇಲ್ವಿಚಾರಣೆ ಇರುವ ಸಭೆ ಅಂತ ಅರ್ಥ. ಹಾಗಾಗಿ 2016ರಲ್ಲಿ ಆನ್‌ಸೈಟ್ ಅಂತ ನ್ಯೂಜೆರ್ಸಿಗೆ ಹೋದಾಗ ಭಾನುವಾರ ಎಲ್ಲಿಗೆ ಹೋಗೋದು ಅಂತ ಹೆಚ್ಚು ಹುಡುಕಬೇಕಾಗಲಿಲ್ಲ. ಆರಾಧನೆ ಇಂಗ್ಲಿಷ್‌ನಲ್ಲಿ, ಕ್ರಮ ಮಾತ್ರ ನಾನು ಚಿಕ್ಕಂದಿನಿಂದ ಕನ್ನಡದಲ್ಲಿ ಕೇಳಿದ್ದಕ್ಕೆ ತುಂಬ ಹತ್ತಿರ. ಮೊದಲ ವಾರವೇ ಮನೆಗೆ ಬಂದ ಹಾಗಾಯ್ತು.

ಮರುವರ್ಷ ಅಲ್ಲಿ ಸಂಡೇ ಸ್ಕೂಲ್ ನೋಡಿಕೊಳ್ತಿದ್ದ ಹಿರಿಯರೊಬ್ಬರು ಊರು ಬಿಟ್ಟರು. ರೆಕ್ಟರ್, ಅಂದ್ರೆ ಅಲ್ಲಿನ ಸಭಾಪಾಲಕರು, ಆರಾಧನೆ ಮುಗಿದ ಮೇಲೆ ಕಾಫಿ ಕುಡಿಯುವಾಗ ನನ್ನನ್ನ ಕೇಳಿದರು. ಹದಿನಾಲ್ಕು ಮಕ್ಕಳು, ನಾಲ್ಕು ಜನ ಸ್ವಯಂಸೇವಕರು. ಸಂಬಳ ಇಲ್ಲ. ಖರ್ಚಿಗೆ ದುಡ್ಡು ಬೇಕಾದರೆ ವೆಸ್ಟ್ರಿ ಅನ್ನೋ ಆಡಳಿತ ಮಂಡಳಿಯ ಮುಂದೆ ಹೋಗಬೇಕು. ಆಫೀಸಲ್ಲಿ ಟೀಮ್ ಲೀಡ್ ಆಗಿದ್ದೆ. ಹದಿನಾಲ್ಕು ಮಕ್ಕಳೇನು ದೊಡ್ಡದು ಅಂದ್ಕೊಂಡು ಹೂಂ ಅಂದೆ.

ಹೂಂ ಅಂದ ತಕ್ಷಣ ಮಕ್ಕಳ ಹತ್ತಿರ ಬಿಡಲಿಲ್ಲ. ಮೊದಲು ನನ್ನ ಹಿನ್ನೆಲೆ ಪರಿಶೀಲನೆ ಆಯ್ತು, ಆಮೇಲೆ ಮಕ್ಕಳ ಸುರಕ್ಷತೆಯ ತರಬೇತಿ. ಯಾವ ಕೋಣೆಯಲ್ಲೂ ಒಬ್ಬರೇ ದೊಡ್ಡವರು ಮಕ್ಕಳ ಜೊತೆ ಇರಕೂಡದು; ಇಬ್ಬರು ಇರಬೇಕು, ಆ ಇಬ್ಬರು ಒಂದೇ ಮನೆಯವರಾಗಿರಕೂಡದು. ಮೊದಲಿಗೆ ನನಗೆ ಸ್ವಲ್ಪ ಅವಮಾನ ಅನ್ನಿಸಿತು. ಆಮೇಲೆ ಅರ್ಥ ಆಯ್ತು, ಈ ನಿಯಮ ನನ್ನೊಬ್ಬನ ಮೇಲಿನ ಅನುಮಾನಕ್ಕೆ ಇರೋದಲ್ಲ, ಮಗುವಿನ ಕಡೆಯಿಂದ ಯೋಚಿಸಿ ಮಾಡಿದ್ದು. ನಮ್ಮ ಸೊಸೈಟಿಗಳ ಕ್ಲಾಸಿಗೂ ಇದು ಬೇಕು. ದಯವಿಟ್ಟು ಇದೊಂದನ್ನ ಬರೆದಿಟ್ಟುಕೊಳ್ಳಿ.

ಈಗ ನನ್ನ ತಪ್ಪಿಗೆ ಬರ್ತೀನಿ. ನಾನು ಎಲ್ಲವನ್ನೂ ಪ್ರಾಜೆಕ್ಟ್ ಥರ ಮಾಡಿದೆ. ವರ್ಷದ ಪಾಠಪಟ್ಟಿಗೆ ಸ್ಪ್ರೆಡ್‌ಶೀಟ್. ಪ್ರತಿ ವಾರ ಬೈಬಲಿನ ಒಂದು ವಾಕ್ಯ ಕಂಠಪಾಠ. ಹಾಜರಿಗೆ ಒಂದು ಅಂಕ, ವಾಕ್ಯಕ್ಕೆ ಎರಡು ಅಂಕ. ಎಲ್ಲರ ಹೆಸರು, ಅಂಕ ಹಾಕಿ ಹಾಲ್‌ನ ಗೋಡೆಗೆ ಲೀಡರ್‌ಬೋರ್ಡ್ ಅಂಟಿಸಿದೆ. ಎರಡು ತಿಂಗಳಲ್ಲಿ ಹಾಜರಿ ಏರಿತು. ವೆಸ್ಟ್ರಿ ಸಭೆಯಲ್ಲಿ ಗ್ರಾಫ್ ತೋರಿಸಿದೆ, ಚಪ್ಪಾಳೆ ಬಿತ್ತು. ಒಂಬತ್ತು ವರ್ಷದ ಒಬ್ಬ ಹುಡುಗ ಬರೋದು ಬಿಟ್ಟಿದ್ದ. ಗ್ರಾಫಿನಲ್ಲಿ ಅದು ಕಾಣ್ತಾ ಇರಲಿಲ್ಲ. ನಾನೂ ನೋಡಲಿಲ್ಲ.

ಆ ಚರ್ಚಿನ ಕೆಳಮಹಡಿಯಲ್ಲಿ ಒಂದು ಕೋಣೆ ಇತ್ತು. ತಗ್ಗಿನ ಕಪಾಟು, ಅದರಲ್ಲಿ ಬಂಗಾರದ ಬಣ್ಣದ ಪೆಟ್ಟಿಗೆಗಳು, ಮರದ ಬೊಂಬೆಗಳು, ಮರಳು ತುಂಬಿದ ಒಂದು ದೊಡ್ಡ ಡಬ್ಬಿ. ಸಣ್ಣ ಮಕ್ಕಳ ಆಟಿಕೆ ಅಂದ್ಕೊಂಡು ಬೀಗ ಹಾಕಿಸಿದ್ದೆ. ಅದು ಗಾಡ್ಲಿ ಪ್ಲೇ ಅನ್ನೋ ಪದ್ಧತಿಯ ಸಾಮಾನು. ಜೆರೋಮ್ ಬೆರಿಮನ್ ಅನ್ನೋ ಎಪಿಸ್ಕೋಪಲ್ ಪಾದ್ರಿ ರೂಪಿಸಿದ್ದು. ಅವರಿಗಿಂತ ಮುಂಚೆ 1954ರಲ್ಲಿ ರೋಮ್‌ನಲ್ಲಿ ಸೋಫಿಯಾ ಕವಲೆಟ್ಟಿ ಶುರು ಮಾಡಿದ ಕೆಲಸ ಇದರ ಮೂಲ. ಅದಕ್ಕೂ ಮೂಲ ಮರಿಯಾ ಮಾಂಟೆಸ್ಸರಿ. ಚೆನ್ನೈನವರಿಗೆ ಗೊತ್ತಿರಬಹುದು, ಮಾಂಟೆಸ್ಸರಿ 1939ರಲ್ಲಿ ಅಡ್ಯಾರ್‌ಗೆ ಬಂದವರು ಯುದ್ಧದ ವರ್ಷಗಳನ್ನೆಲ್ಲ ಭಾರತದಲ್ಲೇ ಕಳೆದರು.

ನಮ್ಮ ತಂಡದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದರು. ಮಾತು ಕಡಿಮೆ. ಒಂದು ದಿನ ಅವರು, "ಒಂದು ಭಾನುವಾರ ಆ ಕೋಣೆ ನನಗೆ ಕೊಡ್ತೀರಾ?" ಅಂತ ಕೇಳಿದರು. ಕೊಟ್ಟೆ. ನನ್ನನ್ನ ಬಾಗಿಲ ಹತ್ತಿರ ನಿಲ್ಲಿಸಿದರು. ಈ ಪದ್ಧತಿಯಲ್ಲಿ ಅದೂ ಒಂದು ಕೆಲಸವೇ. ಒಳಗೆ ಬರುವ ಪ್ರತಿ ಮಗುವನ್ನೂ ಹೆಸರು ಹಿಡಿದು ಮಾತಾಡಿಸಿ, "ರೆಡಿ ಇದ್ದೀಯಾ?" ಅಂತ ಕೇಳಿ ಕಳಿಸಬೇಕು.

ಮಕ್ಕಳು ನೆಲದ ಮೇಲೆ ಸುತ್ತ ಕೂತರು. ಅವರೂ ನೆಲಕ್ಕೆ ಕೂತರು. ಬಂಗಾರದ ಪೆಟ್ಟಿಗೆಯಿಂದ ಹಸಿರು ಬಟ್ಟೆ ತೆಗೆದು ಹಾಸಿದರು, ಕುರಿಗಳನ್ನ ಇಟ್ಟರು, ಕಳೆದುಹೋದ ಕುರಿಯ ಸಾಮ್ಯ ಹೇಳಿದರು. ನೂರು ಕುರಿಯಲ್ಲಿ ಒಂದು ಕಾಣೆಯಾದಾಗ ಕುರುಬ ತೊಂಬತ್ತೊಂಬತ್ತನ್ನ ಬಿಟ್ಟು ಅದನ್ನ ಹುಡುಕಿಕೊಂಡು ಹೋಗುವ ಕಥೆ. ಹೇಳುವಾಗ ಮಕ್ಕಳ ಮುಖ ನೋಡಲಿಲ್ಲ, ಕುರಿಗಳನ್ನೇ ನೋಡ್ತಿದ್ದರು. ಕೊನೆಗೆ ನೀತಿಪಾಠ ಇಲ್ಲ, ವಾಕ್ಯ ಒಪ್ಪಿಸೋದಿಲ್ಲ. ಬರೀ ಪ್ರಶ್ನೆ. ಈ ಕಥೆಯಲ್ಲಿ ನಿಮಗೆ ಯಾವುದು ಇಷ್ಟ ಆಗಿರಬಹುದು? ಇದರಲ್ಲಿ ನೀವು ಎಲ್ಲಿರಬಹುದು? ಯಾವ ಉತ್ತರಕ್ಕೂ ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ.

ಏಳು ವರ್ಷದ ಒಬ್ಬಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಕುರಿ ತಾನೇ ಹೋಯ್ತಾ, ಯಾರಾದ್ರೂ ಓಡಿಸಿದ್ರಾ?"

ನಾನು ಬಾಗಿಲಲ್ಲಿ ನಿಂತಿದ್ದೆ. ಆ ಹುಡುಗನ ಮುಖ ಕಣ್ಣ ಮುಂದೆ ಬಂತು.

ಅವತ್ತು ಮಧ್ಯಾಹ್ನ ಅವನ ತಾಯಿಗೆ ಫೋನ್ ಮಾಡಿದೆ. ಅವರು ಸಿಟ್ಟಾಗಲಿಲ್ಲ. ಅವನಿಗೆ ಓದೋದು ಕಷ್ಟ, ಅಕ್ಷರಗಳು ಕಲಸಿಹೋಗ್ತವೆ ಅಂದರು. ಶಾಲೆಯಲ್ಲಿ ವಾರವಿಡೀ ಅದೇ ಹೋರಾಟ. ಚರ್ಚಿನಲ್ಲೂ ಗೋಡೆ ಮೇಲೆ ತನ್ನ ಹೆಸರು ಕೊನೆಯಲ್ಲಿ ನೋಡಿದ ಮೇಲೆ ಭಾನುವಾರ ಬೆಳಿಗ್ಗೆ ಆದರೆ ಹೊಟ್ಟೆನೋವು ಅಂತಿದ್ದನಂತೆ. ಕ್ಷಮೆ ಕೇಳಿದೆ. ಸಂಜೆ ಹೋಗಿ ಬೋರ್ಡ್ ಕಿತ್ತೆ. ಟೇಪಿನ ಜೊತೆ ಗೋಡೆಯ ಬಣ್ಣವೂ ಕಿತ್ತು ಬಂತು.

ಹುಡುಗ ಮೂರು ವಾರ ಬಿಟ್ಟು ಬಂದ. ಬಾಗಿಲ ಹತ್ತಿರ ನನ್ನ ಜೊತೆ ನಿಂತು ಉಳಿದ ಮಕ್ಕಳನ್ನ ಒಳಗೆ ಕಳಿಸೋ ಕೆಲಸ ಮಾಡ್ತೀನಿ ಅಂದ. ಎಲ್ಲರ ಹೆಸರೂ ಅವನಿಗೆ ನೆನಪಿತ್ತು. ಆ ಬೇಸಿಗೆಯಲ್ಲಿ ಅವರ ಮನೆಯವರು ಬೇರೆ ರಾಜ್ಯಕ್ಕೆ ಹೋದರು. ನಾನು ಮಾಡಿದ್ದನ್ನ ಪೂರ್ತಿ ಸರಿಮಾಡೋಕೆ ಸಮಯ ಸಿಗಲಿಲ್ಲ. ಇವತ್ತಿಗೂ ಅದು ಮನಸ್ಸಿನಲ್ಲಿದೆ.

ಸಂಡೇ ಸ್ಕೂಲ್ ಅನ್ನೋದು ಹೆಸರಾದದ್ದು 1780ರಲ್ಲಿ, ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ ಶುರು ಮಾಡಿದ ಶಾಲೆಯಿಂದ. ವಾರದ ಆರು ದಿನ ದುಡಿಯುವ ಬಡ ಮಕ್ಕಳಿಗೆ ಬಿಡುವಿದ್ದದ್ದು ಭಾನುವಾರ ಮಾತ್ರ. ಅವತ್ತು ಅವರಿಗೆ ಓದು ಕಲಿಸ್ತಿದ್ದರು. ಬೇರೆಲ್ಲೂ ಜಾಗ ಸಿಗದ ಮಕ್ಕಳಿಗಾಗಿ ಹುಟ್ಟಿದ ಶಾಲೆಯಲ್ಲಿ ನಾನು ಒಂದು ಮಗುವಿಗೆ ಜಾಗ ಇಲ್ಲದ ಹಾಗೆ ಮಾಡಿದ್ದೆ.

ಈಗ ಪುಣೆಯಲ್ಲಿ ನಮ್ಮ ಕನ್ನಡ ಸಭೆಯ ಒಂಬತ್ತು ಮಕ್ಕಳನ್ನ ನಾವು ಮೂವರು ನೋಡಿಕೊಳ್ತೀವಿ. ಮಕ್ಕಳಿಗೆ ಮರಾಠಿ, ಹಿಂದಿ, ಇಂಗ್ಲಿಷ್ ಓದೋಕೆ ಬರುತ್ತೆ, ಕನ್ನಡ ಓದೋಕೆ ಬರಲ್ಲ. ಮೊದಲಿನ ನಾನಾಗಿದ್ದರೆ ಕನ್ನಡ ವಾಕ್ಯ ಬಾಯಿಪಾಠ ಮಾಡಿಸ್ತಿದ್ದೆ. ಈಗ ಕಥೆ ಕನ್ನಡದಲ್ಲಿ ಹೇಳ್ತೀವಿ, ಉತ್ತರ ಯಾವ ಭಾಷೆಯಲ್ಲಾದರೂ ಬರಲಿ.

ಈ ಪ್ರಶ್ನೆಗಳಿಗೆ ನಮ್ಮ ಕನ್ನಡ ಹೇಳಿ ಮಾಡಿಸಿದ ಹಾಗಿದೆ ನೋಡಿ. "ಕುರಿ ಯಾಕೆ ಹೋಯ್ತು?" ಅಂದ್ರೆ ಪರೀಕ್ಷೆ. "ಯಾಕೆ ಹೋಗಿರಬಹುದು?" ಅಂದ್ರೆ ಎಲ್ಲರೂ ಮಾತಾಡಬಹುದು. ಧಾರವಾಡದಲ್ಲಿ ನಮ್ಮ ಅಜ್ಜಿ ಕಥೆ ಹೇಳುವಾಗ ನಡುವೆ ನಿಲ್ಲಿಸಿ, "ಎಲ್ಲಿ ಹೋಗಿದ್ದೀತು, ಹೇಳ್ರಿ ನೋಡೋಣ" ಅಂತಿದ್ದಳು. ನಾವು ಮೊಮ್ಮಕ್ಕಳೆಲ್ಲ ಒಟ್ಟಿಗೆ ಕೂಗ್ತಿದ್ವಿ. ಅವಳು ಯಾರಿಗೂ ಅಂಕ ಕೊಡಲಿಲ್ಲ.

ಹಾಗಾಗಿ ಶನಿವಾರ, ಭಾನುವಾರ ಮಕ್ಕಳಿಗೆ ಏನಾದರೂ ಕಲಿಸೋ ಎಲ್ಲರಲ್ಲೂ ನನ್ನದೊಂದೇ ವಿನಂತಿ. ಎಷ್ಟು ಮಕ್ಕಳು ಬಂದರು ಅಂತ ಎಣಿಸಿ, ತಪ್ಪಿಲ್ಲ. ಆಮೇಲೆ ಯಾರು ಬರಲಿಲ್ಲ ಅಂತಲೂ ನೋಡಿ. ಅವತ್ತೇ ಅವರ ಮನೆಗೆ ಒಂದು ಫೋನ್ ಮಾಡಿ.