ಫೇರೋ ಪಕ್ಕದ ಗೋರಿ ಯಾರಿಗೂ ಬೇಡವಾದಾಗ

ಈಜಿಪ್ಟ್ ಅಂದ ಕೂಡಲೇ ನಾವು ಪಿರಮಿಡ್ ನೋಡ್ತೀವಿ. ಇವತ್ತು ಅಧಿಕಾರಿಗಳ ಗೋರಿ ನೋಡೋಣ. ಕೇಂದ್ರದ ಆಳ್ವಿಕೆ ಹೇಗೆ ಸಡಿಲವಾಯ್ತು ಅನ್ನೋದು ಅಲ್ಲಿ ಚೆನ್ನಾಗಿ ಕಾಣುತ್ತೆ.

ಕ್ರಿ.ಪೂ. 2560ರ ಸುಮಾರಿಗೆ ಖುಫು ಗೀಜಾದಲ್ಲಿ ಪಿರಮಿಡ್ ಕಟ್ಟಿಸಿದಾಗ, ಅವನ ಬಂಧುಗಳಿಗೂ ದೊಡ್ಡ ಅಧಿಕಾರಿಗಳಿಗೂ ಅದರ ಪಕ್ಕದಲ್ಲೇ ಸಾಲು ಸಾಲು ಗೋರಿ. ಸತ್ತ ಮೇಲೂ ಬಾಸ್ ಪಕ್ಕದ ಸೀಟೇ ಬೇಕು!

ಆರನೇ ರಾಜವಂಶದ ಹೊತ್ತಿಗೆ ಪ್ರಾಂತ್ಯದ ಅಧಿಕಾರಿಗಳು ತಮ್ಮೂರಲ್ಲೇ ಗೋರಿ ಕೊರೆಸಿಕೊಳ್ತಾರೆ. ದಕ್ಷಿಣದ ತುದಿಯ ಅಸ್ವಾನ್‌ನಲ್ಲಿ ಹರ್ಖುಫ್ ಅನ್ನೋನ ಗೋರಿ ಇದೆ. ಅದರ ಮುಂಗೋಡೆ ಮೇಲೆ, ಇನ್ನೂ ಹುಡುಗನಾಗಿದ್ದ ರಾಜ ಎರಡನೇ ಪೆಪಿಯ ಪತ್ರವನ್ನೇ ಕೆತ್ತಿಸಿದ್ದಾನೆ. ನೀನು ಕರೆತರ್ತಿರೋ ಕುಳ್ಳ ನರ್ತಕ ನೀರಿಗೆ ಬೀಳದ ಹಾಗೆ ನೋಡ್ಕೋ, ರಾತ್ರಿ ಹತ್ತು ಸಲ ಎದ್ದು ನೋಡಿಸು ಅಂತ ಅದರಲ್ಲಿದೆ. ನನಗಂತೂ ತುಂಬಾ ಇಷ್ಟವಾದ ಪತ್ರ. ಗಮನಿಸಿ, ರಾಜನ ಪತ್ರ ಅಂದ್ರೆ ಇನ್ನೂ ಹೆಮ್ಮೆ ಇದೆ. ಆದರೆ ಹೆಣ ಇಡೋ ಜಾಗ ಮಾತ್ರ ರಾಜಧಾನಿ ಮೆಂಫಿಸ್‌ನಿಂದ ನೂರಾರು ಕಿಲೋಮೀಟರ್ ದೂರ.

ಹುದ್ದೆಗಳು ಅಪ್ಪನಿಂದ ಮಗನಿಗೆ ಹೋಗತೊಡಗಿದವು. ಇನ್ನೊಂದು ಕಡೆ ಕೊಪ್ಟೋಸ್‌ನ ಮಿನ್ ದೇವಸ್ಥಾನಕ್ಕೆ ತೆರಿಗೆ ಬೇಡ, ಅಲ್ಲಿನ ಜನರನ್ನ ಬಿಟ್ಟಿ ಕೆಲಸಕ್ಕೆ ಎಳೀಬೇಡಿ ಅಂತ ಪೆಪಿಯೇ ಶಾಸನ ಹೊರಡಿಸಿದ. ಈಜಿಪ್ಟ್‌ನಲ್ಲಿ ಆಗ ನಾಣ್ಯ ಇರಲಿಲ್ಲ. ಖಜಾನೆ ಅಂದ್ರೆ ಧಾನ್ಯದ ಕಣಜ, ಮತ್ತೆ ದುಡಿಯೋ ಕೈಗಳು. ಎರಡನ್ನೂ ರಾಜನೇ ಬಿಟ್ಟುಕೊಟ್ಟ ಹಾಗಾಯ್ತು.

ಕ್ರಿ.ಪೂ. 2200ರ ಆಸುಪಾಸಿನ ಬರ, ನೈಲ್ ಪ್ರವಾಹ ತಗ್ಗಿದ್ದು, ಇದೇ ಸಾಮ್ರಾಜ್ಯವನ್ನ ಬೀಳಿಸಿತು ಅಂತ ಕೆಲವರು ಹೇಳ್ತಾರೆ. ಬರ ಇದ್ದಿರಬಹುದು. ಆದರೆ ಹಸಿವಾದಾಗ ಜನ ಯಾರ ಕಣಜದ ಮುಂದೆ ನಿಲ್ತಾರೆ ಅನ್ನೋದು ಅದಕ್ಕೂ ಮುಂಚೆಯೇ ಬದಲಾಗಿತ್ತು ಅಂತ ನನ್ನ ಅನಿಸಿಕೆ.

ಮೊಅಲ್ಲಾದ ಅಂಖ್ತಿಫಿ ಗೋರಿ ನೋಡಿ. ದಕ್ಷಿಣವೆಲ್ಲ ಹಸಿವಿಂದ ಸಾಯ್ತಿತ್ತು, ಜನ ಮಕ್ಕಳನ್ನೇ ತಿಂದರು, ನನ್ನ ಪ್ರಾಂತ್ಯದಲ್ಲಿ ಮಾತ್ರ ಯಾರೂ ಹಸಿವಿಂದ ಸಾಯಲಿಲ್ಲ ಅಂತ ಬರೆಸಿದ್ದಾನೆ. ಬಡಾಯಿ ಜಾಸ್ತಿನೇ ಇದೆ ಬಿಡಿ. ಆದರೂ, ಅನ್ನ ಕೊಟ್ಟೋನು ನಾನು ಅಂತಾನೇ ಹೊರತು ರಾಜ ಅನ್ನಲ್ಲ. ಅಷ್ಟುದ್ದದ ಬರಹದಲ್ಲಿ ರಾಜನ ಹೆಸರು ಬರೋದೇ ಒಂದು ಸಲ.

ಈ ಅಂಖ್ತಿಫಿ ಪಕ್ಕದ ಥೀಬ್ಸ್ ಮೇಲೆ ಯುದ್ಧಕ್ಕೂ ಹೋಗಿದ್ದ. ಮುಂದೆ ಆ ಥೀಬ್ಸ್‌ನ ಪ್ರಾಂತ್ಯಾಧಿಪತಿಗಳ ಮನೆತನವೇ ರಾಜರು ಅಂತ ಹೇಳಿಕೊಂಡಿತು. ಕ್ರಿ.ಪೂ. 2040ರ ಹೊತ್ತಿಗೆ ಅದೇ ಮನೆತನದ ಎರಡನೇ ಮೆಂಟುಹೋಟೆಪ್ ಈಜಿಪ್ಟನ್ನ ಮತ್ತೆ ಒಂದು ಮಾಡಿದ. ಅವನೂ ತನ್ನ ಗೋರಿಯನ್ನ ಮೆಂಫಿಸ್ ಹತ್ರ ಕಟ್ಟಿಸಲಿಲ್ಲ, ತನ್ನೂರು ಥೀಬ್ಸ್‌ನಲ್ಲೇ ಕಟ್ಟಿಸಿಕೊಂಡ.