ಕಲ್ಲಿನ ಮುಖದ ಗಿಡ



ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗವಲ್ಲಿಯಿಟ್ಟ ಮೇಲೆ, ಚೊಂಬಿನಲ್ಲಿ ಉಳಿದ ನೀರನ್ನು ತುಳಸಿಗೂ ಪಕ್ಕದ ಕುಂಡಗಳಿಗೂ ಎರೆಯುವುದು ನಮ್ಮ ಮನೆಗಳ ರೂಢಿ. ತುಳಸಿಗೆ ಅದು ಹಿತ. ನಾವು ಈಗ ಹೇಳತಕ್ಕ ಗಿಡಕ್ಕೆ ಅದೇ ಮೃತ್ಯು. ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಬಸವೇಶ್ವರನಗರದ ನಮ್ಮ ಮನೆಯ ಕಿಟಕಿಯಲ್ಲಿ ಒಂದು ಗಿಡವನ್ನು ಕೊಂದು ಕಲಿತೆವು.

ಗಿಡದ ಹೆಸರು ಲಿಥಾಪ್ಸ್. ಗ್ರೀಕ್ ಭಾಷೆಯಲ್ಲಿ ‘ಕಲ್ಲಿನ ಮುಖ’ವೆಂದು ಅರ್ಥ. ಅಂಗುಲದಷ್ಟು ಎತ್ತರ, ನಡುವೆ ಸೀಳಿದ ನೊರಜುಗಲ್ಲಿನಂಥ ರೂಪು. ದಕ್ಷಿಣ ಆಫ್ರಿಕ, ನಮೀಬಿಯಗಳ ಒಣನೆಲ ಇದರ ತವರು. 1811ರಲ್ಲಿ ವಿಲಿಯಂ ಬರ್ಚೆಲ್ ಎಂಬ ಸಂಚಾರಿಯು ಅಲ್ಲಿ ವಿಚಿತ್ರವಾದ ಕಲ್ಲೆಂದು ಎತ್ತಿಕೊಂಡದ್ದು ಗಿಡವಾಗಿತ್ತು! ಲಿಥಾಪ್ಸ್ ಎಂಬ ಹೆಸರನ್ನು 1922ರಲ್ಲಿ ಎನ್. ಇ. ಬ್ರೌನ್ ಎಂಬ ಸಸ್ಯವಿಜ್ಞಾನಿ ಇಟ್ಟನು.

ಇದಕ್ಕಿರುವುದು ಒಂದೇ ಜೋಡಿ ಎಲೆ. ತವರಿನಲ್ಲಿ ಅದರ ಬಹುಭಾಗ ನೆಲದೊಳಗೆ ಹುದುಗಿರುತ್ತದೆ. ನೆತ್ತಿಯ ಪಾರದರ್ಶಕ ಭಾಗದಿಂದ ಬೆಳಕು ಒಳಕ್ಕಿಳಿಯುತ್ತದೆ. ನೀರು ಆರದಂತೆ, ಎಲೆಯ ಸೂಕ್ಷ್ಮ ರಂಧ್ರಗಳು ರಾತ್ರಿಯ ತಂಪಿನಲ್ಲಿಯೇ ತೆರೆಯುತ್ತವೆ. ವರ್ಷಕ್ಕೊಮ್ಮೆ ಹಳೆಯ ಜೋಡಿಯ ಒಡಲಲ್ಲಿ ಹೊಸ ಜೋಡಿ ಹುಟ್ಟಿ, ಹಳೆಯದರಲ್ಲಿದ್ದ ನೀರನ್ನೇ ಹೀರಿ ಬೆಳೆಯುತ್ತದೆ. ಹಳೆಯ ಎಲೆ ಬಾಡಿ, ಕಾಗದದಂತೆ ಒಣಗಿ ಕಳಚಿಕೊಳ್ಳುತ್ತದೆ.

ನಾವು ತಪ್ಪಿದ್ದು ಇಲ್ಲಿಯೇ. ಹಳೆಯ ಎಲೆ ಸುಕ್ಕುಗಟ್ಟಿದ್ದನ್ನು ಕಂಡು, ಬಾಯಾರಿತೆಂದು ಮರುಗಿ ದಿನವೂ ನೀರೆರೆದೆವು. ಗಿಡ ಉಬ್ಬಿತು, ಬಿರಿಯಿತು, ವಾರದೊಳಗೆ ಲೋಳೆಯಾಯಿತು. ಆದುದರಿಂದ ಮೊದಲ ನಿಯಮವಿದು: ಎಲೆ ಬದಲಾಗುವ ಕಾಲದಲ್ಲಿ ಹನಿ ನೀರನ್ನೂ ಕೊಡಬಾರದು. ಹಳೆಯ ಸಿಪ್ಪೆ ಪೂರ್ತಿ ಒಣಗಿ, ಹೊಸ ಎಲೆಗಳೇ ಮೆತ್ತಗಾಗಿ ಸುಕ್ಕುಗಟ್ಟಿದರೆ, ಆಗ ಒಮ್ಮೆ ಬೇರಿಗೆ ಮುಟ್ಟುವಂತೆ ಎರೆದು, ಮಣ್ಣು ತಳದವರೆಗೆ ಒಣಗುವ ತನಕ ಸುಮ್ಮನಿರಬೇಕು.

ಎರಡನೆಯದು ಮಣ್ಣು. ನಮ್ಮ ತೋಟದ ಕೆಮ್ಮಣ್ಣು ನೀರನ್ನು ಹಿಡಿದಿಡುತ್ತದೆ. ಅದು ಒಂದು ಪಾಲಿದ್ದರೆ, ಸಣ್ಣ ಜಲ್ಲಿಯೂ ದಪ್ಪ ಮರಳೂ ಕೂಡಿ ಎರಡು ಪಾಲಿಗೆ ಕಡಮೆಯಾಗಬಾರದು. ವಿಜಯನಗರ, ಕೆಂಗೇರಿಗಳಲ್ಲಿ ಮನೆ ಕಟ್ಟುವ ಕಡೆ ಕೇಳಿದರೆ ಒಂದು ಬೊಗಸೆ ಜಲ್ಲಿ ದೊರೆಯದೆ ಇರದು. ದೂಳನ್ನು ಚೆನ್ನಾಗಿ ತೊಳೆದು ಬಳಸಬೇಕು. ಬೇರು ಆಳಕ್ಕಿಳಿಯುವುದರಿಂದ ಕುಂಡ ನಾಲ್ಕು ಅಂಗುಲವಾದರೂ ಆಳವಿರಲಿ, ತಳದಲ್ಲಿ ತೂತಿರಲಿ. ಅಂದವೆಂದು ತೂತಿಲ್ಲದ ಗಾಜಿನ ಬಟ್ಟಲಲ್ಲಿ ನೆಡುವುದು ಗಿಡಕ್ಕೆ ಸೆರೆಮನೆ.

ಮೂರನೆಯದು ಬೆಳಕು, ಗಾಳಿ. ಪೂರ್ವದ ಕಿಟಕಿಯಲ್ಲಿ ನಾಲ್ಕೈದು ತಾಸು ಎಳೆಬಿಸಿಲು ಬಿದ್ದರೆ ಸಾಕು. ಬೆಳಕು ಸಾಲದಿದ್ದರೆ ಗಿಡ ಕತ್ತು ನೀಳಮಾಡಿಕೊಂಡು ಕಲ್ಲಿನ ರೂಪನ್ನೇ ಕಳೆದುಕೊಳ್ಳುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1000 ಮಿಲಿಮೀಟರು ಮಳೆ. ಬಹುಪಾಲು ಮೇಯಿಂದ ಅಕ್ಟೋಬರಿನವರೆಗೆ ಸುರಿಯುತ್ತದೆ. ಆ ದಿನಗಳಲ್ಲಿ ಕುಂಡವನ್ನು ಇರಚಲು ತಾಕದ, ಆದರೆ ಗಾಳಿಯಾಡುವ ಸ್ಥಳದಲ್ಲಿಡಬೇಕು.

ಕೊಳ್ಳುವಾಗ ಬೀಜದಿಂದ ಬೆಳೆಸಿದ ಗಿಡವೇ ಎಂದು ವಿಚಾರಿಸಿಕೊಳ್ಳಿ. ತವರುನೆಲದಿಂದ ಕಿತ್ತು ತಂದದ್ದನ್ನು ಕೊಳ್ಳುವುದು ಕಳವಿಗೆ ಕೈಜೋಡಿಸಿದಂತೆ.

ನಮ್ಮ ಎರಡನೆಯ ಗಿಡವು ಮೂರನೆಯ ವರ್ಷ, ಒಂದು ಮಧ್ಯಾಹ್ನ, ಸೀಳಿನ ನಡುವಿನಿಂದ ತನಗಿಂತ ದೊಡ್ಡದಾದ ಹಳದಿ ಹೂವೊಂದನ್ನು ಅರಳಿಸಿತು. ಮನೆಯ ಹಿರಿಯರು ಇಂದಿಗೂ ಬೆಳಗ್ಗೆ ಚೊಂಬು ಹಿಡಿದು ಕಿಟಕಿಯ ಮುಂದೆ ನಿಂತು, “ಪಾಪ, ಇದಕ್ಕೆ ಬಾಯಾರುವುದಿಲ್ಲವೆ?” ಎನ್ನುತ್ತಾರೆ. ಆಮೇಲೆ ತಾವೇ ನಕ್ಕು, ಆ ನೀರನ್ನು ತುಳಸಿಗೆ ಎರೆಯುತ್ತಾರೆ. ಈ ಗಿಡದ ಆರೈಕೆಯಲ್ಲಿ ಕಲಿಯಲು ಅತಿ ಕಷ್ಟವಾದ ಕೆಲಸ ಅದೊಂದೇ.