ಕೌದಿ ಹೊಲಿಯುವವರ ಕೈಚೀಲ
(ಬೆಳ್ಳಿ ಹಬ್ಬದ ಅಂಗವಾಗಿ ನಡೆದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



 ಇಲ್ಲಿಯ ತನಕ ಹಿರಿಯರು ಸಾಲ, ಠೇವಣಿ, ಬೀಜ-ಗೊಬ್ಬರದ ವಿಷಯ ಹೇಳಿದರು. ನಾನು ಹೇಳೋದು ಒಂದು ಚೀಲದ ವಿಷಯ. ನಗು ಬಂದರೆ ನಗ್ರಿ, ಅಡ್ಡಿಯಿಲ್ಲ. ಆದರೆ ಪೂರಾ ಕೇಳಿರಿ.

ಬೇಸಿಗೆಯಲ್ಲಿ ಹೊಲದ ಕೆಲಸ ಮುಗಿದ ಮೇಲೆ ನಮ್ಮ ಹೆಣ್ಣುಮಕ್ಕಳು ಕೌದಿ ಹಿಡಿದು ಕೂಡುತ್ತಾರೆ. ಹಳೆ ಸೀರೆ, ಹಳೆ ಧೋತರ ಪದರ ಮಾಡಿ, ಮೇಲೆ ಬಣ್ಣದ ತುಂಡು ಜೋಡಿಸಿ ಹೊಲಿಯುತ್ತಾರೆ. ಕೆಲವರು ಮಂದಿ ಮನೆಗೆ ಹೋಗಿ ಕೂಲಿಗೆ ಹೊಲಿದು ಕೊಡುತ್ತಾರೆ. ಹೋಗುವಾಗ ಸಾಮಾನು ಹೇಗೆ ಒಯ್ಯುತ್ತಾರೆ? ಸೂಜಿ ಸೆರಗಿಗೆ ಚುಚ್ಚಿಕೊಂಡು, ಕತ್ತರಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು. ಕತ್ತರಿ ಚೀಲ ಹರಿಯುತ್ತದೆ, ಸೂಜಿ ದಾರಿಯಲ್ಲೇ ಬೀಳುತ್ತದೆ.

ಬಿದ್ದ ಸೂಜಿ ಎಲ್ಲಿಗೆ ಹೋಗುತ್ತದೆ ಅಂತ ವಿಚಾರ ಮಾಡಿರಿ. ಪಡಸಾಲೆಯಲ್ಲಿ ಅಂಬೆಗಾಲಿಡುವ ಕೂಸಿರುತ್ತದೆ. ಕಸದ ಜೊತೆ ಹೊರಗೆ ಹೋದರೆ ದನದ ಮೇವಿಗೆ ಸೇರುತ್ತದೆ. ದನ ಮೇವನ್ನು ಮೊದಲಿಗೆ ಸಣ್ಣಗೆ ಅಗಿಯುವುದಿಲ್ಲ, ಹಾಗೇ ನುಂಗುತ್ತದೆ, ಮೆಲುಕು ಹಾಕುವುದು ಆಮೇಲೆ. ನುಂಗಿದ ಸೂಜಿ ಅದರ ಎರಡನೇ ಹೊಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಹೊಟ್ಟೆಗೂ ಗುಂಡಿಗೆಗೂ ನಡುವೆ ಇರುವುದು ತೆಳುವಾದ ಪರದೆ. ಸೂಜಿ ಅದನ್ನು ದಾಟಿದರೆ ಆಕಳು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ, ಕಡೆಗೆ ಜೀವಕ್ಕೇ ಅಪಾಯ. ಸಾಲ ಮಾಡಿ ತಂದ ಆಕಳು ಒಂದು ಸೂಜಿಯಿಂದ ಹೋಗಬಾರದು. ಅದಕ್ಕೇ ಈ ಚೀಲದ ಮಾತು.

ಈಗ ಅಳತೆ ಹೇಳುತ್ತೇನೆ, ಬರೆದುಕೊಳ್ಳಿರಿ. 36 ಇಂಚು ಪನ್ನದ ಗಟ್ಟಿ ಬಟ್ಟೆ ಒಂದು ಮೀಟರ್ ಸಾಕು. ಅದರಲ್ಲಿ 36 ಇಂಚು ಉದ್ದ, 17 ಇಂಚು ಅಗಲದ ಒಂದು ತುಂಡು ಹೊರಮೈಗೆ. 27 ಇಂಚು ಉದ್ದ, 4 ಇಂಚು ಅಗಲದ ಎರಡು ಪಟ್ಟಿ ಹಿಡಿಕೆಗೆ. ಉಳಿದುದರಲ್ಲಿ 13 ಇಂಚು ಅಗಲ, 9 ಇಂಚು ಎತ್ತರದ ಒಂದು ತುಂಡು ಒಳಗಿನ ಕಿಸೆಗೆ. ಅಸ್ತರಿಗೆ ಹೊರಮೈಯಷ್ಟೇ ಅಳತೆಯ ಹಳೆ ಸೀರೆ ಆದೀತು.

ಮೊದಲು ಕಿಸೆ. ಮೇಲಿನ ಅಂಚು ಒಂದು ಇಂಚು, ಉಳಿದ ಮೂರು ಕಡೆ ಅರ್ಧ ಇಂಚು ಮಡಚಿ, ಅಸ್ತರಿನ ಬಾಯಿಂದ 4 ಇಂಚು ಕೆಳಗೆ, ಸರಿಯಾಗಿ ನಡುವೆ ಇಟ್ಟು ಹೊಲಿಯಿರಿ. ಮೇಲಿನಿಂದ ಕೆಳಗೆ ಎರಡು ಗೆರೆ ಹೊಲಿಗೆ ಹಾಕಿದರೆ ಮೂರು ಮನೆ ಆಗುತ್ತವೆ: 4 ಇಂಚಿನದು ಕತ್ತರಿಗೆ, 3 ಇಂಚಿನದು ಟೇಪು ಮತ್ತು ಸೀಮೆಸುಣ್ಣಕ್ಕೆ, 5 ಇಂಚಿನದು ದಾರದ ಉಂಡೆಗೆ. ಕತ್ತರಿ ಮನೆಯ ತಳಕ್ಕೆ ರೆಗ್ಜಿನ್ ತುಂಡು ಹಾಕಿರಿ, ತುದಿ ತೂರಿ ಬರುವುದಿಲ್ಲ.

ಆಮೇಲೆ ಹೊರಮೈಯನ್ನೂ ಅಸ್ತರನ್ನೂ ಬೇರೆ ಬೇರೆಯಾಗಿ, ಒಳಮೈ ಮೇಲೆ ಬರುವಂತೆ ಉದ್ದಕ್ಕೆ ಅರ್ಧ ಮಡಚಿ, ಎರಡೂ ಮಗ್ಗಲು ಅರ್ಧ ಇಂಚು ಒಳಗೆ ಹೊಲಿಯಿರಿ. ತಳದ ಮೂಲೆಯನ್ನು ತ್ರಿಕೋನ ಮಾಡಿ ಹಿಡಿದು, ತುದಿಯಿಂದ 2 ಇಂಚಿಗೆ ಅಡ್ಡ ಹೊಲಿಗೆ ಹಾಕಿದರೆ ಚೀಲಕ್ಕೆ 4 ಇಂಚಿನ ತಳ ಬರುತ್ತದೆ. ನೆಲದ ಮೇಲೆ ಇಟ್ಟರೆ ನೆಟ್ಟಗೆ ನಿಲ್ಲುತ್ತದೆ. ಹೊರಮೈಯನ್ನು ತಿರುವಿ, ಅದರೊಳಗೆ ಅಸ್ತರು ಇಳಿಸಿರಿ. ಎರಡರ ಬಾಯಿಯನ್ನೂ ಅರ್ಧ ಇಂಚು ಒಳಮಡಚಿರಿ. ಹಿಡಿಕೆಯ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಹೊಲಿದು, ತುದಿಗಳನ್ನು ಒಂದೂವರೆ ಇಂಚು ನಡುವೆ ತೂರಿಸಿ, ಬಾಯಿ ಸುತ್ತ ಎರಡು ಸಲ ಹೊಲಿಯಿರಿ. ಹಿಡಿಕೆ ಕೂಡುವಲ್ಲಿ ಚೌಕ ಹೊಲಿದು, ಅದರೊಳಗೆ ಅಡ್ಡಡ್ಡ ಗೆರೆ ಹಾಕಿರಿ. ಭಾರಕ್ಕೆ ಬಿಚ್ಚುವುದಿಲ್ಲ. ಮಶೀನು ಇಲ್ಲದವರು ಕೈಯಿಂದ ಹಿಂಹೊಲಿಗೆ ಹಾಕಬಹುದು. ಕೌದಿ ಹೊಲಿದ ಕೈಗೆ ಇದು ಯಾವ ಲೆಕ್ಕ?

ಸೂಜಿಗೆ ಬೇರೆ ಮನೆ ಬೇಕು. ಉಣ್ಣೆ ಬಟ್ಟೆಯ ಎರಡು ತುಂಡು ಪುಸ್ತಕದ ಹಾಳೆಯಂತೆ ಮಡಚಿ, ಗುಂಡಿ ಹಚ್ಚಿರಿ. ಹೋಗುವಾಗ ಎಷ್ಟು ಸೂಜಿ, ಬರುವಾಗ ಎಷ್ಟು ಸೂಜಿ, ಎಣಿಸಲೇಬೇಕು. ಕೆಟ್ಟ ಸ್ಪೀಕರಿನ ಅಯಸ್ಕಾಂತ ಇದ್ದರೆ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿ ಇಡಿರಿ. ಏಳುವಾಗ ನೆಲದ ಮೇಲೆ ಆಡಿಸಿದರೆ ಬಿದ್ದ ಸೂಜಿ ತಾನೇ ಬಂದು ಅಂಟುತ್ತದೆ.

ಇನ್ನೊಂದು ಮಾತು. ಆ ಚೀಲದಲ್ಲಿ ಒಂದು ಸಣ್ಣ ನೋಟುಬುಕ್ಕೂ ಇರಲಿ. 6 ಅಡಿ ಉದ್ದ, 4 ಅಡಿ ಅಗಲದ ಕೌದಿಗೆ ಅರ್ಧ ಇಂಚಿಗೊಂದು ಸಾಲು ಹಾಕಿದರೆ ಹೊಲಿಗೆಯ ಒಟ್ಟು ಉದ್ದ 576 ಅಡಿ. ಇಂಚಿಗೆ ಮೂರು ಹೊಲಿಗೆ ಹಿಡಿದರೂ ಇಪ್ಪತ್ತು ಸಾವಿರ ದಾಟುತ್ತದೆ! ‘ಹಳೆ ಬಟ್ಟೆ ತಾನೇ, ಅದಕ್ಕೆಂಥ ಕೂಲಿ’ ಅನ್ನುವವರಿಗೆ ಈ ಲೆಕ್ಕ ತೋರಿಸಿರಿ. ಎಷ್ಟು ದಿನ ಕೂತೆ, ಎಷ್ಟು ದಾರ ಹೋಯಿತು ಅಂತ ಬರೆದಿಟ್ಟವಳ ಮಾತಿಗೆ ತೂಕ ಇರುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಗಳು 2011ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನಕ್ಕೆ ಇದ್ದವು. ಅವೂ ಹಳೆ ಬಟ್ಟೆಯವೇ. ಬೆಲೆ ಇರುವುದು ಕೈಯ ಕೆಲಸಕ್ಕೆ.

ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ಸಣ್ಣ ರೈತರ ಸಣ್ಣ ಹಣ ಒಂದು ಕಡೆ ಕೂಡಿತು. ಕೌದಿಯೂ ಹಾಗೆಯೇ ಅಲ್ಲವೇ? ಒಂದೊಂದು ತುಂಡಿನಿಂದ ಚಳಿ ಹೋಗುವುದಿಲ್ಲ, ಕೂಡಿಸಿ ಹೊಲಿದರೆ ಮನೆಮಂದಿಯೆಲ್ಲ ಹೊದೆಯಬಹುದು. ಹತ್ತು ಜನ ಕೂಡಿ ಬಟ್ಟೆ, ದಾರ ಒಟ್ಟಿಗೆ ತಂದು ಹತ್ತು ಚೀಲ ಹೊಲಿಯಿರಿ. ಕೂಲಿಯ ದರವನ್ನೂ ಹತ್ತು ಜನ ಕೂಡಿಯೇ ನಿಶ್ಚಯ ಮಾಡಿರಿ. ಒಬ್ಬಳು ಕೇಳಿದರೆ ಚೌಕಾಶಿ ಮಾಡುತ್ತಾರೆ, ಹತ್ತು ಜನ ಒಂದೇ ಮಾತು ಆಡಿದರೆ ಕೊಡುತ್ತಾರೆ.